ತಿರ್ಗಾ ಮಗ್ಗಕ್ಕೆ ಏರಿಸ್ತಾನಾ?

ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಹೊರಟ ಬಸ್ಸಿನಲ್ಲಿ ಎರ್ರಮ್ಮನ ಮುಂದಿನ ಸೀಟಿಗೆ ಗುರುತಿನ ನೇಕಾರ ರಾಮಲಿಂಗಯ್ಯ, ಕಂಪ್ಯೂಟರಿನ ಎಂಸಿಎ ಓದುವ ಮಗಳು ಕೃಷ್ಣವೇಣಿ ಬಂದು ಕೂತರು.

“ನಾಳೆ ಪ್ರಾಜೆಕ್ಟ್ ತೋರಿಸ್ಬೇಕು ನಾನ್ನಾ,” ಮಗಳು ಅಪ್ಪನಿಗೆ ಹೇಳಿದಳು. “ ಸರ್ವರ್ ಕಂಪ್ಯೂಟರು ಸೀರೆಗಳ ಪಟ್ಟೀನ ಚೆಂದಾಗಿ ಜೋಡಿಸಿ ಕಳಿಸ್ತೈತೆ. ಜಾವಾ ಪೇಜಲ್ಲಿ ಮಾತ್ರ ಪಟ್ಟಿ ಬದ್ಲು ಬರೀ ಕೋಡಿಂಗ್ ಅಕ್ಷರ ಕಾಣ್ತೈತೆ.”

“ಪೇಜು ಏನ್ ಮಾಡ್ತೈತಮ್ಮ?”

“ಬಂದಿದ್ದನ್ನ ಇನ್ನೊಂದ್ಸಲ ಬದಲಾಯಿಸ್ತೈತೆ.”

“ನೇಯ್ದಿರೋ ಸೀರೇನ ಅಂಗಡಿಯೋನು ತಿರ್ಗಾ ಮಗ್ಗಕ್ಕೆ ಏರಿಸ್ತಾನಾ? ಬಿಚ್ಚಿ ಹಾಸ್ತಾನೆ, ಅಷ್ಟೆ.”

ಕೃಷ್ಣವೇಣಿ ಅಪ್ಪನ ಮುಖವನ್ನೇ ನೋಡಿದಳು.

“ಹಂಗೇ ಹಾಸು ಅಂತ ಪೇಜಿಗೆ ಬರೆದ್ರೆ ಸಾಕಲ್ವಾ! ನಾಲ್ಕು ದಿನ ತಡಕಾಡಿದೀನಿ. ನಿಂಗೆಂಗೆ ಹೊಳೀತು?”

“ನಂಗೇನ್ ಗೊತ್ತು ಕಣಮ್ಮ, ಸೀರೆ ವಿಷ್ಯ ಹೇಳ್ದೆ.”

“ಹಿಂದೂಪುರದಾಗೆ ಕಾಲೇಜ್ ಲ್ಯಾಬು ಆರಕ್ಕೆ ಮುಚ್ತಾರೆ ನಾನ್ನಾ…”

“ನಡಿಯಮ್ಮಾ, ಇಳಿಯಾಣ.”

ತಮ್ಮೂರು ಸೋಮಂದೇಪಲ್ಲಿಯಲ್ಲಿ ಇಳಿದವರು ಮನೆ ಕಡೆ ತಿರುಗಲಿಲ್ಲ. ರಸ್ತೆ ದಾಟಿ ಹಿಂದೂಪುರದ ಬಸ್ಸಿಗೆ ಕೈ ಅಡ್ಡ ಹಿಡಿದರು. ಎರ್ರಮ್ಮ ಕಿಟಕಿಯಿಂದ ಕತ್ತು ಚಾಚಿ ನೋಡಿದಳು. ಮಗಳ ಪುಸ್ತಕದ ಬ್ಯಾಗು ರಾಮಲಿಂಗಯ್ಯನ ಹೆಗಲ ಮೇಲಿತ್ತು.