ಸ್ನಾನದಮನೆ ಗೋಡೆಯ ಸವಾರ

...ಇಲ್ಲ ಇಲ್ಲ, ಅಷ್ಟು ಹತ್ತಿರ ಬೇಡ ಸೋನುನ್ ಅತ್ತಿಗೆ, ಬಣ್ಣ ಇನ್ನೂ ಹಸಿ! ಇಲ್ಲಿ, ನನ್ನ ಪಕ್ಕ ಬನ್ನಿ. ಹಾಂ... ಈಗ ನೋಡಿ. ನಮ್ಮೂರಿನ ನೂರು ವರ್ಷ! ಯಾಕೆ ನಗ್ತೀರಿ? ಊರ ಸಾರ್ವಜನಿಕ ಸ್ನಾನದಮನೆ ಗೋಡೆ ಆದ್ರೇನಾಯ್ತು? ಊರಲ್ಲಿ ನೆಟ್ಟಗೆ ನಿಂತಿರೋದು ಇದೊಂದೇ. ಉತ್ಸವ ಸಮಿತಿ ಅಧ್ಯಕ್ಷ ನಾನು, ನಾನೇ ಅಳೆದು ನೋಡಿದ್ದೀನಿ.

ಎಡಗಡೆ ಮೊದಲ ಶಾಲೆ. ಅದರ ಮೇಲೆ ಗಗನಯಾತ್ರಿ... ಗೊತ್ತು ಗೊತ್ತು, ನಮ್ಮೂರಿನವರು ಯಾರೂ ಬೆಟ್ಟದ ತುದಿಗಿಂತ ಮೇಲೆ ಹೋಗಿಲ್ಲ. ಆದ್ರೂ ಒಬ್ಬ ಇರಲಿ, ಶೋಭೆ! ಕುದುರೆ ಹದಿನಾಲ್ಕು. ಒಂದೊಂದು ಮನೆತನದವರೂ ಬಂದು ಕೂತ್ರು, ನಮ್ಮ ತಾತ ಕುದುರೆ ಮೇಲೇ ಇರಬೇಕು ಅಂತ. ಕಂಪೌಂಡರ್ ತಾತನಿಗೂ ಕುದುರೆ! ಹೆಂಗಸರಾ? ಇದ್ದಾರಲ್ಲ, ಇಬ್ಬರು. ಒಬ್ಬಳು ಕೊಪ್ಪರಿಗೆ ಹಿಂದೆ... ಕಾಣಲ್ಲ. ಹೊಗೆ ಸ್ವಲ್ಪ ಜಾಸ್ತಿ ಆಯ್ತು.

ಮಧ್ಯದಲ್ಲಿ... ಹೂಂ. ಅರವತ್ತೆರಡನೇ ಇಸವಿಯ ಉಲಾಕ್ ಪಂದ್ಯ. ಕುದುರೆ ಮೇಲಿಂದಲೇ ಬಗ್ಗಿ, ತಲೆ ಕಡಿದ ಮೇಕೆ ಕಸ್ಕೊಂಡು, ಇಡೀ ಗುಂಪನ್ನ ಹಿಂದೆ ಹಾಕಿ, ಗೆದ್ದವನು ತಂದು ನಿಮ್ಮ ತವರಿನ ಹೊಸ್ತಿಲಿಗೆ ಎಸೆದ! ನಿಮಗೇನು ನೆನಪು ಮಾಡೋದು, ಅದನ್ನ ಬೇಯಿಸಿ ಬಡಿಸಿದವರೇ ನೀವು. ಸವಾರನ ಮುಖಾನಾ? ಮುಖ ನಂದೇ, ಸುಕ್ಕು ಮಾತ್ರ ತೆಗೆಸಿದೆ. ಚಿತ್ರ ಬರೆಯೋಳೇ ಆರಿಸಿದ್ದು. "ಎಸೆನ್‌ಕುಲ್ ತಾತ, ನಿಮ್ಮದು ವೀರನ ಮುಖ" ಅಂದ್ಲು. ಬೇಡ ಅಂದೆ. ಎರಡು ಸಲ ಅಂದೆ.

ಬಿಡಿ. ನಾಳೆ ಹನ್ನೊಂದಕ್ಕೆ ಪರದೆ ಸರಿಸೋದು, ಜಿಲ್ಲೆಯಿಂದ ದೊಡ್ಡವರು ಬರ್ತಾರೆ. ಊರಿಗೇ ಹಿರಿಯರು ನೀವು, ಅಂಗೈ ಎತ್ತಿ ನಾಲ್ಕು ಮಾತು ಹರಸಬೇಕು. ನೀವು ಹರಸದಿದ್ರೆ ಇದು ಬರೀ ಬಣ್ಣ. ಹರಸಿದ್ರೋ, ಇದೇ ಚರಿತ್ರೆ! ಆಗಬಹುದಲ್ವಾ?

ಅತ್ತಿಗೆ? ಅಲ್ಲೇನು ನೋಡ್ತಿದ್ದೀರಿ? ನನ್ನ ಮುಖ ಮೇಲಿದೆ. ಕುದುರೆ ಕಾಲಲ್ಲೇನಿದೆ? ಹೂಂ, ಮುಂದಿನ ಎಡಗಾಲು ಒಂದೇ ಬಿಳಿ. ಅಂಥ ಕುದುರೆ ಸಾವಿರ ಇರುತ್ತೆ! ಕಿವಿನಾ? ಹರಿದಿದೆಯಾ? ಅಯ್ಯೋ... ಚಿತ್ರದವಳಿಗೆ ಆ ಪಂದ್ಯದ ಹಳೇ ಫೋಟೋ ಕೊಟ್ಟು, ಮುಖ ಮಾತ್ರ ಬದಲಿಸು ಅಂದಿದ್ದೆ. ಅವಳು ಪಟ್ಟಣದವಳು, ಕುದುರೇನ ಇದ್ದ ಹಾಗೇ ಬರೆದಿದ್ದಾಳೆ. ನನಗಾದ್ರೂ ಹೊಳೀಬಾರದಿತ್ತಾ! ನಮ್ಮ ಜನ ಸ್ವಂತ ಮಾವನ ಮುಖ ಮರೆತಾರು, ಕುದುರೆ ಮರೀತಾರಾ?

ಬೈದುಬಿಡಿ ಅತ್ತಿಗೆ. ಕೈ ಯಾಕೆ ಶಾಲಿನೊಳಗೆ ಹಾಕ್ಕೊಂಡ್ರಿ? ಅಂಥ ಚಳಿಯೇನೂ ಇಲ್ಲ... ತೆಗೀರಿ ಅತ್ತಿಗೆ...

ಸರಿ. ಅದು ಕಾಲ್ಮುರ್ಜಾ ಅಣ್ಣನ ಕುದುರೆ. ಗೆದ್ದವನೂ ಅವನೇ. ನೀವು ಬಾಗಿಲಿಗೆ ಬರಲಿ ಅಂತಲೇ ಅಲ್ಲಿಗೆ ಎಸೆದ, ಆ ಚಳಿಗಾಲದಲ್ಲೇ ನಿಮ್ಮ ಕೈ ಹಿಡಿದ. ಅವನು ಹೋಗಿ ಒಂಬತ್ತು ವರ್ಷ ಆಯ್ತು, ಇನ್ನು ಯಾರು ಕೇಳ್ತಾರೆ ಅಂದ್ಕೊಂಡೆ. ನಾಚಿಕೆ ಆಗ್ತಿದೆ, ನಿಜ. ಅವತ್ತು ನಾನೂ ಇದ್ದೆ ಅತ್ತಿಗೆ, ಬೇಲಿ ಹತ್ರ, ಅವನ ಕೋಟು ಹಿಡ್ಕೊಂಡು. ಸಂಜೆವರೆಗೂ ನೆಲಕ್ಕೆ ತಾಗಿಸಲಿಲ್ಲ. ನೀವೇ ಹೇಳಿ... ಕೋಟು ಹಿಡ್ಕೊಂಡು ನಿಂತವನನ್ನ ಯಾವ ಗೋಡೆ ಮೇಲೆ ಬರೀತಾರೆ?