ಬಟ್ಟೆ ಸುತ್ತಿದ ತಟ್ಟೆ

ಇದು ಹೂಟಗಳ್ಳಿಯಲ್ಲಿರುವ ನಮ್ಮ ದೊಡ್ಡಪ್ಪನ ಮಗ ಕುಮಾರನಿಗೇ ಆದದ್ದು. ನಗುವವರು ಈಗಲೇ ನಕ್ಕುಬಿಡಿ.

ಸೆಕೆಂಡ್ ಶಿಫ್ಟ್ ಮುಗಿಸಿ ಬರುತ್ತಿದ್ದ. ಕಂಪನಿ ಬಸ್ಸು ಮೇನ್‌ರೋಡಿನಲ್ಲಿ ಇಳಿಸಿ ಹೋಗಿತ್ತು. ಹೊಸ ಮನೆಗಳ ನಡುವೆ ಉಳಿದುಕೊಂಡಿರುವ ಹಳೇ ಬಾವಿಯ ಪಕ್ಕದಲ್ಲೇ ಅವನ ಮನೆ ದಾರಿ. ಅಲ್ಲಿಗೆ ಬಂದಾಗ ಕೇಳಿಸಿತು... ಡಬ್. ಡಬ್. ಬಟ್ಟೆ ಸುತ್ತಿದ ತಟ್ಟೆಗೆ ಸೌಟಿನಿಂದ ಬಡಿದ ಹಾಗೆ.

ಆ ಸದ್ದಿನ ಸಂಕಟವನ್ನು ಮೊದಲು ಹೇಳಬೇಕು. ಕುಮಾರನ ಪುಟ್ಟ ಮಗಳು ವರ್ಷಿಣಿಗೆ ಆ ಬಾವಿಯ ಆಮೆ ಅಂದರೆ ಪ್ರಾಣ. ಕಣ್ಣು ತಪ್ಪಿಸಿ ಓಡುವಳು, ಗಿಡ್ಡ ಕಟ್ಟೆಯ ಮೇಲೆ ಬಗ್ಗುವಳು. ಕುಮಾರನ ಅವ್ವ ದೇವಿರಮ್ಮನಿಗೆ ಮಂಡಿನೋವು, ಹಿಂದೆ ಓಡಲಾಗದು. ಅದಕ್ಕೇ ಬಾವಿಯೆಂದರೆ ಭಯ ಹುಟ್ಟಿಸಲೆಂದು ತಾನೇ ಮಗುವನ್ನು ಅದರ ಹತ್ತಿರ ಕರೆದುಕೊಂಡು ಹೋಗುವಳು. ಮಗು ಕಟ್ಟೆ ಮುಟ್ಟಿದಾಗಲೆಲ್ಲ ಬೆನ್ನ ಹಿಂದಿನಿಂದ ಸ್ಟೀಲ್ ತಟ್ಟೆಗೆ ಸೌಟಿನಿಂದ ಬಡಿಯುವಳು. ಠಣ್! ಮಗು ಬೆಚ್ಚಿಬಿದ್ದು ಅಳುವುದು. ಕೆಲವೇ ದಿನ... ಆಮೇಲೆ ತಟ್ಟೆ ಬಡಿಯದಿದ್ದರೂ, ಬಾವಿ ಕಂಡರೆ ಸಾಕು, ಕಿವಿ ಮುಚ್ಚಿಕೊಂಡು ಓಡಿಬರತೊಡಗಿತು.

ಭಯ ಅಲ್ಲಿಗೇ ನಿಲ್ಲಲಿಲ್ಲ. ತಟ್ಟೆ ಕಂಡರೂ ಚೀರಿತು. ಕೊನೆಗೆ ಅಜ್ಜಿಯನ್ನು ಕಂಡರೂ. ಅಜ್ಜಿ ಸಾರನ್ನವನ್ನು ಎಲೆಯಲ್ಲಿ ಕಲಸಿ ತಂದಳು, ಪ್ಲಾಸ್ಟಿಕ್ ಬಟ್ಟಲಲ್ಲಿ ತಂದಳು. ತುತ್ತು ಹಿಡಿದ ಕೈ ಹತ್ತಿರ ಬಂದರೆ ಮಗು ಗಡಗಡ ನಡುಗುತ್ತಿತ್ತು. ಮೊಮ್ಮಗಳೇನೋ ಉಳಿದಳು. ಅಜ್ಜಿಯ ಕೈತುತ್ತು ಮಾತ್ರ ಬೇಡವಾಯಿತು. ಆ ಕೊರಗಲ್ಲೇ ದೇವಿರಮ್ಮ ಕಣ್ಣು ಮುಚ್ಚಿದಳು. ಮಣ್ಣು ಮಾಡಿ ಬಂದ ದಿನವೇ ಕುಮಾರ ಆ ತಟ್ಟೆಯನ್ನು ಬಾವಿಗೆ ಎಸೆದಿದ್ದ.

ಈಗ ಕಟ್ಟೆಯ ಮೇಲೆ ಅವಳೇ ಕೂತಿದ್ದಳು. ತೊಡೆಯ ಮೇಲೆ ಅದೇ ತಟ್ಟೆ, ಅದಕ್ಕೆ ಹಳೇ ಸೀರೆಯ ತುಂಡು ಸುತ್ತಿತ್ತು.

“ಅವ್ವಾ... ಬಟ್ಟೆ ಯಾಕವ್ವಾ?”

“ಸದ್ದಾದ್ರೆ ಮಗು ಎದ್ರುಕತ್ತದೆ ಕಣಪ್ಪ.” ತಟ್ಟೆಯ ಬಟ್ಟೆಯನ್ನು ಬಿಗಿ ಮಾಡುತ್ತಾ ಪಿಸುಗುಟ್ಟಿದಳು. “ಈಗ್ಲೂ ನನ್ ಕಂಡ್ರೆ ಭಯ್ವಾ ಅವ್ಳಿಗೆ?”

ಅಜ್ಜಿಯ ಫೋಟೊ ಇರುವ ಕೋಣೆಗೆ ಮಗು ಇನ್ನೂ ಕಾಲಿಡುತ್ತಿರಲಿಲ್ಲ. ಆದರೆ ಸತ್ತವಳಿಗೆ ನಿಜ ಹೇಳಿ ಏನಾಗಬೇಕು?

“ಇಲ್ಲವ್ವಾ... ಎಲ್ಲಾ ಮರ್ತ್ಬುಟ್ಟವ್ಳೆ. ನಿನ್ನೇ ಕೇಳ್ತಿರ್ತಾಳೆ.”

ಅವ್ವ ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನೋಡಿ ಎಷ್ಟೋ ಕಾಲವಾಗಿತ್ತು. ಮರುಕ್ಷಣ ಕಟ್ಟೆ ಖಾಲಿ.

ಅವನು ಮನೆಯ ಗೇಟು ತೆಗೆಯುವುದಕ್ಕೂ ಒಳಗೆ ಮಗು ಕಿಟಾರನೆ ಕಿರುಚುವುದಕ್ಕೂ ಸರಿಹೋಯಿತು. ಹೆಂಡತಿ ಶಾಲಿನಿ ಮಗುವನ್ನು ಅವಚಿಕೊಂಡು ನಿಂತಿದ್ದಳು. “ಅಜ್ಜಿ ಬೇಡ... ಅಜ್ಜಿ ಬೇಡ...” ಮಗು ಕಿವಿ ಮುಚ್ಚಿಕೊಂಡಿತ್ತು. ಹಿತ್ತಲ ಬಾಗಿಲು ಕಿರ್... ಎಂದಿತು. ಕಾಲೆಳೆಯುವ ಹೆಜ್ಜೆ, ಸರಕ್... ಸರಕ್... ದೂರವಾಗುತ್ತಾ ಹೋಯಿತು.

“ಸುಳ್ ಹೇಳ್ಬುಟ್ಟೆ ಕಣೇ,” ಎಂದು ಕುಮಾರ ಅಲ್ಲೇ ಕುಸಿದು ಕೂತ.

ಅವತ್ತಿನಿಂದ ಬಾವಿಯ ಹತ್ತಿರ ಸದ್ದಿಲ್ಲ. ಕುಮಾರ ಮಾತ್ರ ಬರುವಾಗ ಹೋಗುವಾಗ ನಿಂತು “ಅವ್ವಾ...” ಎಂದು ಕರೆಯುತ್ತಾನೆ. ದೆವ್ವ ಬರಲಿಲ್ಲವೆಂದು ಅಳುವವನನ್ನು ನಾನು ಕಂಡದ್ದು ಇವನೊಬ್ಬನನ್ನೇ.

ಸುಳ್ಳು ಅನ್ನುತ್ತೀರಾ? ಮಗು ಕಿರುಚಿದ ಆ ರಾತ್ರಿಯ ಮಾರನೆಯ ಬೆಳಿಗ್ಗೆ ನಾನೇ ಹೋಗಿದ್ದೆ. ರಾತ್ರಿ ಅವರ ಮನೆಯಲ್ಲಿ ಮಾಡಿದ್ದು ಮುದ್ದೆ, ಅನ್ನಕ್ಕೆ ಇಟ್ಟೇ ಇರಲಿಲ್ಲ. ಹಿತ್ತಲ ಮೆಟ್ಟಿಲ ಮೇಲೆ ಸೀರೆಯ ತುಂಡು ಸುತ್ತಿದ ತಟ್ಟೆ ಇತ್ತು. ಅದರಲ್ಲಿ ಮಗುವಿನ ಬಾಯಿಗೆ ಹಿಡಿಸುವಷ್ಟು ಒಂದು ತುತ್ತು ಸಾರನ್ನ. ಮುಟ್ಟಿ ನೋಡಿದೆ... ಇನ್ನೂ ಬೆಚ್ಚಗಿತ್ತು.