ಒಂದು ಉದ್ದ, ಮೂರು ಗಿಡ್ಡ

ಇದು ನಮ್ಮ ಚಿಕ್ಕಮ್ಮನ ಮಗಳು ಲೋಹಿತಾಳಿಗೆ ಆದದ್ದು. ಯಾರೋ ಯಾರಿಗೋ ಹೇಳಿದ ಮಾತಲ್ಲ, ಅವಳ ಬಾಯಿಂದಲೇ ಬಂದದ್ದು.

ಅಂದು ರಾತ್ರಿ ಲೋಹಿತಾ ಕೊಡಿಗೇನಹಳ್ಳಿಯ ತನ್ನ ಫೋಟೋ-ಜೆರಾಕ್ಸ್ ಅಂಗಡಿಗೆ ಬೀಗ ಹಾಕಿ ಒಬ್ಬಳೇ ಮನೆಯ ಕಡೆಗೆ ಹೊರಟಿದ್ದಳು. ಹಿಂದೂಪುರದ ಕೊನೆಯ ಬಸ್ಸೂ ಹೋಗಿಯಾಗಿತ್ತು. ಊರು ದಾಟಿದರೆ ಹಾಳುಬಾವಿ. ಬಾವಿಯ ಮಗ್ಗುಲಿಗೆ ಆಲದ ಮರ. ದಿನವೂ ಆ ಜಾಗ ಬಂದೊಡನೆ ಶಿವಶಿವಾ ಎಂದು ಹೆಜ್ಜೆ ಬಿರುಸಾಗಿ ಹಾಕುವ ಹೆಂಗಸು, ಅಂದು ಮರದ ಕಡೆ ತಲೆಯೆತ್ತಿಯೂ ನೋಡಲಿಲ್ಲ. ಹೆದರಿಕೆಗೆ ಜಾಗವೇ ಇಲ್ಲದಷ್ಟು ಸಿಟ್ಟು ಅವಳೊಳಗೆ ತುಂಬಿತ್ತು. ಕೈಚೀಲದಲ್ಲಿ, ಕರವಸ್ತ್ರದಲ್ಲಿ ಸುತ್ತಿದ ಒಂದು ಹಸಿರು ಪಟ್ಟಿ. ಬಾಚಣಿಗೆಯಷ್ಟು ಉದ್ದ, ಅಂಚಿಗೆ ಚಿನ್ನದ ಬಣ್ಣದ ಹಲ್ಲು. ಕಂಪ್ಯೂಟರಿನ ಮೆಮೊರಿ ಕಡ್ಡಿ. ಅದನ್ನು ಎತ್ತಿ ಬಾವಿಗೆ ಎಸೆದುಬಿಡಲೇ ಎನ್ನುವಷ್ಟು ಸಿಟ್ಟು.

ಸಿಟ್ಟಿಗೆ ಕಾರಣವಿತ್ತು.

ಹಿಂದಿನ ದಿನ ಪಕ್ಕದ ಹಳ್ಳಿಯ ಓಬಳರಾಜು ಒಂದು ಹಳೆಯ ಫೋಟೋ ಹಿಡಿದು ಅಂಗಡಿಗೆ ಬಂದಿದ್ದ. ಅವನ ತಾಯಿ ಮುದ್ದಕ್ಕ ಆ ಬೆಳಗಿನ ಜಾವ ತೀರಿಕೊಂಡಿದ್ದಳು. ಮೂರನೆಯ ದಿನ, ಹಾಲುತುಪ್ಪಕ್ಕೆ, ಸಮಾಧಿಯ ಬಳಿ ಇಡಲು ದೊಡ್ಡ ಫೋಟೋ ಬೇಕಾಗಿತ್ತು. ಲೋಹಿತಾ ಅದನ್ನು ಸ್ಕ್ಯಾನ್ ಮಾಡಿಕೊಂಡು, "ಜೋಪಾನ ಕಣಣ್ಣ" ಎಂದು ಹಿಂದಕ್ಕೆ ಕೊಟ್ಟಳು. ಅವನೂ ಜೋಪಾನವಾಗಿಯೇ ಇಟ್ಟ. ಮನೆ ತುಂಬ ನೆಂಟರು, ಮಕ್ಕಳು. ಎಲ್ಲಿಟ್ಟರೂ ಕಳೆದೀತೆಂದು ತಾಯಿಯ ಎಲೆಅಡಿಕೆ ಚೀಲದೊಳಗೆ ಇಟ್ಟ. ಆ ಚೀಲವನ್ನು ಯಾರೂ ಮುಟ್ಟುವುದಿಲ್ಲವೆಂಬ ಧೈರ್ಯ. ಆದರೆ ಗಡಿಬಿಡಿಯಲ್ಲಿ ಅವನಿಗೆ ಮರೆತದ್ದು ಒಂದು. ಅವರಲ್ಲಿ, ಎಲೆಅಡಿಕೆ ಹಾಕುವವರು ತೀರಿಕೊಂಡರೆ ಚೀಲವನ್ನೂ ಅವರ ಮಗ್ಗುಲಲ್ಲಿಯೇ ಇಟ್ಟು ಮಣ್ಣು ಮಾಡುವುದು ಪದ್ಧತಿ. ಸಂಜೆ ಹೆಂಗಸರು ಪದ್ಧತಿಯಂತೆ ನಡೆದುಕೊಂಡರು.

ಮರುದಿನ ಬೆಳಿಗ್ಗೆ ಓಬಳರಾಜು ಅಂಗಡಿಯ ಮೆಟ್ಟಿಲ ಮೇಲೆ ತಲೆ ಹಿಡಿದುಕೊಂಡು ಕುಳಿತಿದ್ದ.

"ಅಂದ್ರೆ ಫೋಟೋ ಮಣ್ಣಾಗೋಯ್ತಾ?" ಎಂದಳು ಲೋಹಿತಾ.

"ಓಯ್ತು ಕಣಕ್ಕ. ಇನ್ನ ಅವ್ವನ ಮಕ ಇರಾದು ನಿನ್ ಕಂಪ್ಯೂಟರ್ನಾಗೆ ಮಾತ್ರ."

"ಬೇರೆ ಒಂದೂ ಇಲ್ವಾ? ಆಧಾರ್ ಕಾರ್ಡು?"

"ಅದ್ರಾಗಿರಾದು ತಾನೇ ಅಂತ ಅವ್ವಂಗೇ ನಂಬ್ಕೆ ಇರ್ಲಿಲ್ಲ. ಫೋನ್ ಎತ್ತುದ್ರೆ ಸೆರಗು ಮುಚ್ಕೊಳ್ಳೋಳು. ನಾಳೆ ವತ್ತಾರೆಗೆ ಹಾಲುತುಪ್ಪ, ಅಷ್ಟ್ರಾಗೆ ಕೊಟ್ಬುಡಕ್ಕ."

"ಅಯ್ಯೋ, ಅದೇನ್ ಮಹಾ. ಸಂಜೆ ಒಳಗೇ ಕೊಡ್ತೀನಿ ತಾಳು" ಎಂದು ಲೋಹಿತಾ ಗುಂಡಿ ಒತ್ತಿದಳು.

ಬೀ...ಪ್. ಬಿಪ್. ಬಿಪ್. ಬಿಪ್.

ಪರದೆ ಕಪ್ಪಾಗಿಯೇ ಉಳಿಯಿತು. ಆರಿಸಿ ಮತ್ತೆ ಒತ್ತಿದಳು. ಒಂದು ಉದ್ದ, ಮೂರು ಗಿಡ್ಡ. ಮತ್ತೆ ಅದೇ.

ಮಧುಗಿರಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ರಂಗೇಶನಿಗೆ ಫೋನು ಮಾಡಿ, ಆ ಸದ್ದನ್ನೇ ಕೇಳಿಸಿದಳು. "ಅಕ್ಕ, ಅದು ಮೆಮೊರಿ ಎರರ್ರು. ಕಡ್ಡಿ ಕಿತ್ತು, ಹಲ್ಲುನ್ನ ರಬ್ಬರ್ನಾಗೆ ಉಜ್ಜಿ, ಕಟಕ್ ಅನ್ನಂಗೆ ಕೂರ್ಸಿ. ನಾನು ಸಿರಾದಾಗೆ ಸಿಕ್ಕಾಕಂಡಿದೀನಿ, ನಾಳೆ ಮಧ್ಯಾಹ್ನಕ್ಕೇ ಬರಾದು."

ಲೋಹಿತಾ ಪೆಟ್ಟಿಗೆಯ ಮಗ್ಗುಲ ತಗಡು ಬಿಚ್ಚಿದಳು. ಕಡ್ಡಿಯನ್ನು ಕಿತ್ತಳು, ಉಜ್ಜಿದಳು, ಊದಿದಳು, ಕೂರಿಸಿದಳು. ಕಟಕ್. ಬೀ...ಪ್, ಬಿಪ್, ಬಿಪ್, ಬಿಪ್. ಕಡ್ಡಿ ಕೂರುವ ಇನ್ನೊಂದು ಸಂದಿಗೆ ಹಾಕಿದಳು. ಅದೇ ಕೂಗು. ಒಳಗಿನ ಬಿಲ್ಲೆ ಬ್ಯಾಟರಿಯನ್ನು ತೆಗೆದು ಹಾಕಿದಳು. ಅದೇ. ಒಮ್ಮೆ ಮಾತ್ರ ಪರದೆ ಬೆಳಗಿ ಇಂಗ್ಲಿಷಿನಲ್ಲಿ ಒಂದು ಸಾಲು ಬಂತು. ಅವಳು ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಆರಿಹೋಯಿತು. ಅಳುವೇ ಬಂತು ಅವಳಿಗೆ. ಉಂಡಿರಲಿಲ್ಲ. ಉಗುರಿನ ಸಂದಿಯಲ್ಲೆಲ್ಲ ರಬ್ಬರಿನ ಪುಡಿ.

ಎದುರು ಹೋಟೆಲಿನ ಪೆದ್ದಣ್ಣ ಬಾಗಿಲಿಗೆ ಬಂದು ಇಣುಕಿದ. "ಏನಕ್ಕ, ಬೆಳಗಿಂದ ಅಂಗ್ಡಿ ಒಳಗೆ ಬಸ್ಸು ರಿವರ್ಸ್ ತಗೀತಾ ಇದೀಯಾ?"

"ನೀನ್ ಸುಮ್ನೆ ಹೋಗಿ ವಡೆ ತಿರುವಿ ಹಾಕು, ಸೀಯ್ತಾ ಐತೆ!"

ಕತ್ತಲಾಯಿತು. ಪೆಟ್ಟಿಗೆ ಕೂಗುವುದನ್ನು ನಿಲ್ಲಿಸಲಿಲ್ಲ. ರಂಗೇಶ ಮತ್ತೆ ಫೋನಿನಲ್ಲಿ, "ಕಡ್ಡಿನೇ ಸತ್ತೋಗೈತಕ್ಕ. ಕಿತ್ತಿಟ್ಕಳಿ" ಎಂದ. ಅವಳು ಕಿತ್ತು, ಸುತ್ತಿ, ಚೀಲಕ್ಕೆ ತುರುಕಿ, ಬೀಗ ಜಡಿದು ಹೊರಟಳು. ನಾಳೆ ಬೆಳಿಗ್ಗೆ ಆ ಮಗನಿಗೆ ಏನು ಹೇಳುವುದು? ನಿನ್ನ ತಾಯಿಯ ಮುಖ ಹೋಯಿತು ಎನ್ನಲೇ? ನಾಳೆ ಮಧ್ಯಾಹ್ನ ಸಿಕ್ಕರೂ ಹಾಲುತುಪ್ಪ ಮುಗಿದಿರುತ್ತದೆ...

ಹೀಗೆ ಕುದಿಯುತ್ತ ಬಾವಿಯ ಹತ್ತಿರ ಬಂದಾಗ ಆ ಸದ್ದು ಕೇಳಿಸಿತು.

ಠ...ಣ್. ಕಟ. ಕಟ. ಕಟ.

ನಿಂತಳು. ಕುಟ್ಟಾಣಿಯ ಸದ್ದು. ಹಲ್ಲಿಲ್ಲದ ಮುದುಕಿಯರು ಎಲೆಅಡಿಕೆ ಕುಟ್ಟುವ ಸದ್ದು. ಆದರೆ ಲೆಕ್ಕ ಅದೇ... ಒಂದು ಉದ್ದ, ಮೂರು ಗಿಡ್ಡ.

ಆಲದ ಬುಡದಲ್ಲಿ ಯಾರೋ ಕುಳಿತಿದ್ದರು. ಬಿಳಿಯ ಸೀರೆಯಲ್ಲ, ಕಂದು ಬಣ್ಣದ್ದು. ಮುಖ ಕತ್ತಲಲ್ಲಿತ್ತು.

"ಯಾರವ್ವ ಅದು..." ಬುಡದಿಂದ ಪಿಸುಮಾತು.

"ನಾನು... ಅಂಗ್ಡಿ ಲೋಹಿತಾ. ನೀವ್ಯಾರಜ್ಜಿ, ಇಷ್ಟೊತ್ನಾಗೆ?"

"ಒಂಚೂರು ಸುಣ್ಣ ಐತೇನವ್ವ..."

ಕತ್ತಲಾದ ಮೇಲೆ ಸುಣ್ಣ ಕೇಳುವವರು ಯಾರು ಎಂಬುದು ನಮ್ಮ ಕಡೆ ಹಾಲು ಕುಡಿಯುವ ಮಕ್ಕಳಿಗೂ ಗೊತ್ತು. ಬೇರೆ ದಿನವಾಗಿದ್ದರೆ ಲೋಹಿತಾ ಚಪ್ಪಲಿ ಬಿಟ್ಟು ಓಡುತ್ತಿದ್ದಳು. ಅಂದು ಸಿಟ್ಟೇ ಮುಂದಾಗಿ ಮಾತನಾಡಿತು.

"ನಾನೇನ್ ಸುಣ್ಣದ ಗೂಡು ಇಟ್ಟಿದೀನಾ ಅಜ್ಜಿ? ಬೆಳಗಿಂದ ಒಂದು ಹಾಳು ಮಿಷಿನ್ ಜೊತೆ ಏಗಿ ಸಾಕಾಗೈತೆ."

"ಏನಾಗೈತೆ ಅದ್ಕೆ..."

"ಏಳ್ತಾ ಇಲ್ಲ. ಬರೀ ಕೂಗ್ತೈತೆ."

ಕುಟ್ಟುವುದು ನಿಂತಿತು. ಜೀರುಂಡೆಗಳೂ ನಿಂತವು.

"ಅಂಗಾರೆ... ನನ್ ಮಕ ಅದರ ಒಳಗೇ ಐತಾ..."

ಲೋಹಿತಾ ಕೈಚೀಲವನ್ನು ಎದೆಗೆ ಒತ್ತಿಕೊಂಡಳು. ಈಗ ಸಿಟ್ಟೂ ಇರಲಿಲ್ಲ, ಏನೂ ಇರಲಿಲ್ಲ.

"ನನ್ ಮಗ್ಗುಲಾಗೆ ಚೀಲ ಮಡಗುದ್ರು. ಸುಣ್ಣದ ಡಬ್ಬಿ ಮರ್ತ್ರು..." ಆಮೇಲೆ, ಬಹಳ ಹತ್ತಿರದಿಂದ, "ಓಗವ್ವ. ಇನ್ನೊಂದ್ ಕಿತ ಒತ್ತು."

ಮನೆಗೆ ಹೋಗಬೇಕಾದರೆ ಮರವನ್ನು ದಾಟಬೇಕು. ಹಿಂದಕ್ಕೆ ಹೋದರೆ ಅಂಗಡಿ. ಅವಳು ಹಿಂದಕ್ಕೆ ಓಡಿದಳು. ಬೀಗ ತೆಗೆದದ್ದು, ಕದ ಹಾಕಿಕೊಂಡದ್ದು, ದೀಪ ಹಾಕಿದ್ದು ಯಾವುದೂ ಅವಳಿಗೆ ಸರಿಯಾಗಿ ನೆನಪಿಲ್ಲ. ಗುಂಡಿ ಒತ್ತಿದ್ದು ನೆನಪಿದೆ.

ಬಿಪ್.

ಒಂದೇ ಒಂದು. ಗಿಡ್ಡ. ಎಲ್ಲವೂ ನೆಟ್ಟಗಿದ್ದಾಗ ಬರುವ ಸದ್ದು.

ಪರದೆ ಬೆಳಗಿತು. ನಡುವೆ ಮುದ್ದಕ್ಕನ ಫೋಟೋ. ಲೋಹಿತಾ ಕಣ್ಣು ಅರೆಮುಚ್ಚಿಕೊಂಡೇ ಅದನ್ನು ದೊಡ್ಡದು ಮಾಡಿದಳು. ಪ್ರಿಂಟರಿಗೆ ಹಾಳೆ ಇಟ್ಟಳು. ಝರ್... ಝರ್... ಝರ್... ಹಾಳೆ ಹೊರಗೆ ಬಂತು. ಅದನ್ನು ಬೋರಲು ಹಾಕಿದಳು. ಕಂಪ್ಯೂಟರು ತಾನಾಗಿಯೇ ಆರಿತು.

ಗಂಡನನ್ನು ಕರೆಯಲು ಕೈಚೀಲದಲ್ಲಿ ಫೋನಿಗಾಗಿ ತಡಕಿದಳು. ಬೆರಳಿಗೆ ಕರವಸ್ತ್ರ ಸಿಕ್ಕಿತು. ಬಿಚ್ಚಿದಳು...

ಮೆಮೊರಿ ಕಡ್ಡಿ ಅವಳ ಕೈಯಲ್ಲಿತ್ತು.

ಪೆಟ್ಟಿಗೆಯ ಮಗ್ಗುಲ ತಗಡು ಬಿಚ್ಚಿದಂತೆಯೇ ಇತ್ತು. ಬಗ್ಗಿ ನೋಡಿದಳು. ಕಡ್ಡಿ ಕೂರುವ ಸಂದಿಗಳೆರಡೂ ಬರಿದು.

ಗಂಡ ಹಾಲೇಶ್ ಬೈಕು ತಂದು ಅವಳನ್ನು ಕರೆದುಕೊಂಡು ಹೋದ. ಬೆಳಿಗ್ಗೆ ಅವಳು ಫೋಟೋವನ್ನು ಓಬಳರಾಜುವಿನ ಕೈಗೆ ಕೊಟ್ಟು, "ಅವ್ವನ ಗುದ್ದಿನತ್ರ ಒಂದು ಸುಣ್ಣದ ಡಬ್ಬೀನೂ ಮಡಗಣ್ಣ" ಎಂದಳು.

"ಯಾಕಕ್ಕ?"

"ಮಡಗು ಅಂದ್ನಲ್ಲ."

ಅವನು ತಾಯಿಯ ಮುಖ ನೋಡುತ್ತ, ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡು ಹೋದ.

ಮಧ್ಯಾಹ್ನ ರಂಗೇಶ ಬಂದು ಎಲ್ಲವನ್ನೂ ಕೇಳಿ ನಕ್ಕುಬಿಟ್ಟ. "ಕಡ್ಡಿ ಇಲ್ದೆ ಆನಾಯ್ತಾ? ಎತ್ತಿಲ್ದೆ ಗಾಡಿ ಓಡ್ತು ಅಂದಂಗಾಯ್ತು. ನಿದ್ದೆಗಣ್ಣು ಕಣಕ್ಕ ನಿಮ್ದು." ಹೊಸ ಕಡ್ಡಿ ಕೂರಿಸಿ ಒತ್ತಿದ. ಕಂಪ್ಯೂಟರು ಎದ್ದಿತು. ಮುದ್ದಕ್ಕನ ಫೋಟೋ, ಸ್ಕ್ಯಾನ್ ಮಾಡಿದ್ದು ಮಾಡಿದಂತೆಯೇ, ಇಟ್ಟ ಜಾಗದಲ್ಲಿತ್ತು.

ಹಳೆಯ ಫೋಟೋ ಯಾವ ಕಾಲದಲ್ಲೋ ಮಡಿಸಿ ಇಟ್ಟದ್ದು. ಹಣೆಯಿಂದ ಇಳಿದು, ಎಡಗಣ್ಣನ್ನು ಸೀಳಿ, ಗದ್ದದವರೆಗೆ ಒಂದು ಬಿಳಿಯ ಮಡಿಕೆಯ ಗೆರೆ, ಪರದೆಯ ಮೇಲೂ ಹಾಗೆಯೇ. ಅದನ್ನು ಅಳಿಸಿ ಕಣ್ಣು ತುಂಬಿಸಬೇಕಾದರೆ ಅರ್ಧ ದಿನದ ಕೆಲಸ. ಲೋಹಿತಾ ಆ ಕೆಲಸಕ್ಕೆ ಇನ್ನೂ ಕೈ ಹಾಕಿರಲಿಲ್ಲ.

ಆ ಸಂಜೆ ರಂಗೇಶನೂ ಅವಳೂ ಓಬಳರಾಜುವಿನ ಮನೆಗೆ ಹೋದರು. ರಂಗೇಶ ಫೋಟೋವನ್ನು ದೀಪದ ಬಳಿಗೆ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ನಗಲಿಲ್ಲ.

ಫೋಟೋ ಇಂದಿಗೂ ಆ ಮನೆಯ ನಡುಗೋಡೆಯ ಮೇಲಿದೆ. ಇದು ನಡೆದದ್ದು, ನಂಬುವುದು ಬಿಡುವುದು ನಿಮಗೆ ಸೇರಿದ್ದು... ನಾನು ಹತ್ತಿರ ನಿಂತು ನೋಡಿ ಬಂದಿದ್ದೇನೆ. ಗೆರೆ ಇಲ್ಲ. ಎರಡು ಕಣ್ಣೂ ಇವೆ.